ಪೇಟೆಂಟುಗಳ ಗಣನೆಯೂ ಪ್ರಾಂತದ ನವಕಲ್ಪನೆಯೂ: ಒಂದು ಲಕ್ಷಣಪರೀಕ್ಷೆ

ಒಂದು ಪ್ರಾಂತದ ಜನರಲ್ಲಿ ಹೊಸತನ್ನು ಕಲ್ಪಿಸುವ ಶಕ್ತಿಯು ಎಷ್ಟಿದೆಯೆಂಬುದನ್ನು ಅಲ್ಲಿಯವರು ಪಡೆದ ಪೇಟೆಂಟುಗಳ ಸಂಖ್ಯೆಯಿಂದ ಅಳೆಯುವ ಪದ್ಧತಿಯು ಅರ್ಥಶಾಸ್ತ್ರಜ್ಞರಲ್ಲಿ ರೂಢವಾಗಿದೆ. 2002ರಲ್ಲಿ ಆಕ್ಸ್, ಆನ್ಸೆಲಿನ್, ವರ್ಗಾ ಎಂಬ ಮೂವರು ವಿದ್ವಾಂಸರು ಅಮೆರಿಕದ ನಗರಪ್ರಾಂತಗಳನ್ನು ತೆಗೆದುಕೊಂಡು, ವ್ಯಾಪಾರಪತ್ರಿಕೆಗಳಿಂದ ಆಯ್ದ ಹೊಸ ಪದಾರ್ಥಗಳ 1982ರ ಪಟ್ಟಿಯೊಡನೆ ಪೇಟೆಂಟುಗಳ ಎಣಿಕೆಯನ್ನು ಹೋಲಿಸಿ, ಈ ಎಣಿಕೆಯು ಬಹುಮಟ್ಟಿಗೆ ನೆಚ್ಚತಕ್ಕ ಮಾನವೆಂದು ನಿರ್ಣಯಿಸಿದರು. ಒಂದು ಮಾನವನ್ನು ಇನ್ನೊಂದರಿಂದ ಒರೆಹಚ್ಚಿ ನೋಡುವ ಶ್ರಮವನ್ನು ಎಲ್ಲರೂ ವಹಿಸುವುದಿಲ್ಲ. ಆದುದರಿಂದ ಆ ಪ್ರಬಂಧವು ಆದರಣೀಯವೇ ಸರಿ. ಆದರೆ ಅಲ್ಲಿ ಸಿದ್ಧವಾದುದನ್ನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಗೆ ಹಾಗೆಯೇ ತಂದು ಹಚ್ಚಬಹುದೇ ಎಂಬುದು ವಿಚಾರಣೀಯ.

ಸಾಹಿತ್ಯವನ್ನು ಬೋಧಿಸುವವರಿಗೆ ಇದರ ಗೊಡವೆಯೇಕೆ ಎನ್ನಬೇಡಿರಿ. ಅಂಕಿತವುಳ್ಳ ವಚನಗಳನ್ನು ಎಣಿಸಿ, ಅಂಕಿತವಿಲ್ಲದ ಬೀಸುವ ಕಲ್ಲಿನ ಪದಗಳನ್ನು ಲೆಕ್ಕದಿಂದ ಬಿಟ್ಟು, ಕವಿತ್ವವು ಎಲ್ಲಿ ಹೆಚ್ಚೆಂದು ತೀರ್ಮಾನಿಸುವ ಅಭ್ಯಾಸವು ನಮ್ಮಲ್ಲಿಯೂ ಇಲ್ಲದಿಲ್ಲ. ಪೇಟೆಂಟೆಂಬುದು ರಾಜಶಾಸನವು ಒತ್ತಿದ ಅಂಕಿತ.

ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದ ಬಾಲಕನೂ ಬಲ್ಲನು: ಹೊಗೆಯಿದ್ದಲ್ಲಿ ಬೆಂಕಿಯುಂಟು, ಬೆಂಕಿಯಿದ್ದಲ್ಲೆಲ್ಲಾ ಹೊಗೆಯಿರಬೇಕೆಂಬ ನಿಯಮವಿಲ್ಲ. ಕಾಯ್ದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆ ಹುಟ್ಟಬೇಕಾದರೆ ಹಸಿಯ ಸೌದೆಯ ಸಂಯೋಗವೂ ಬೇಕು, ಇದನ್ನೇ ಉಪಾಧಿಯೆನ್ನುವರು. ಪ್ರಕೃತದಲ್ಲಿ ನವಕಲ್ಪನೆಯು ಬೆಂಕಿ, ಪೇಟೆಂಟು ಹೊಗೆ. ಹಸಿ ಸೌದೆ ಯಾವುದೆಂದರೆ, ಅರ್ಜಿಯನ್ನು ಬರೆಯಬಲ್ಲ ವಕೀಲ, ಶುಲ್ಕವನ್ನು ತೆರಬಲ್ಲ ಸಂಸ್ಥೆ, ಪರೀಕ್ಷೆಗೆ ಒದಗುವ ಪ್ರಯೋಗಶಾಲೆ. ಇವು ಬೆಂಗಳೂರಿನಲ್ಲಿ ರಾಶಿಯಾಗಿವೆ. ಕರ್ನಾಟಕದ ಅರ್ಜಿಗಳನ್ನು ಸ್ವೀಕರಿಸುವ ಕಚೇರಿಯಾದರೋ ಚೆನ್ನೈಯಲ್ಲಿದೆ. ಹೀಗಿರಲು ಕೂಡ್ಲಿಗಿಯಲ್ಲಿ ಹೊಗೆ ಕಾಣಲಿಲ್ಲವೆಂದು ಅಲ್ಲಿ ಬೆಂಕಿಯೇ ಇಲ್ಲವೆಂದು ಸಾಧಿಸುವವರು ಕಬ್ಬಿಣದ ಗುಂಡನ್ನು ಬರಿಗೈಯಿಂದ ಮುಟ್ಟಿ ನೋಡಬೇಕು!

ಇನ್ನು ಲಕ್ಷಣದ ಅವ್ಯಾಪ್ತಿದೋಷವನ್ನು ನೋಡೋಣ. ಇದು ಕೇವಲ ಜನರ ಅನಾಸ್ಥೆಯಿಂದ ಬಂದುದಲ್ಲ, ಕಾನೂನೇ ವಿಧಿಸಿದ್ದು. 1970ರ ಪೇಟೆಂಟು ಅಧಿನಿಯಮದ 3ನೆಯ ಪ್ರಕರಣವು ಕೃಷಿಯ ಮತ್ತು ತೋಟಗಾರಿಕೆಯ ವಿಧಾನಗಳನ್ನು ಆವಿಷ್ಕಾರಗಳ ಸಾಲಿನಿಂದಲೇ ಹೊರಗಿಟ್ಟಿದೆ. 2002ರ ತಿದ್ದುಪಡಿಯು ಪರಂಪರಾಗತ ಜ್ಞಾನವನ್ನೂ ಹೊರಗಿಟ್ಟಿತು. ಪರಂಪರೆಯ ತಿಳಿವನ್ನು ಒಬ್ಬನೇ ತನ್ನದೆಂದು ಕಬಳಿಸದಂತೆ ಮಾಡಿದ ಈ ನಿಷೇಧವು ನ್ಯಾಯವಾದುದೇ. ಆದರೆ ಅದರ ಫಲವೇನು? ಬೇಸಾಯವೇ ಜೀವವಾದ ಸೀಮೆಯಲ್ಲಿ ಜನರ ಬುದ್ಧಿಯು ಯಾವ ಕೆಲಸದಲ್ಲಿ ಹೆಚ್ಚಾಗಿ ವ್ಯಯವಾಗುವುದೋ ಆ ಕೆಲಸಕ್ಕೇ ಪೇಟೆಂಟು ದೊರೆಯಲಾರದು. ದೊರೆಯಲಾರದುದನ್ನು ಎಣಿಸಹೊರಟು, ಸೊನ್ನೆಯನ್ನು ಕಂಡು, ಜನರನ್ನು ಮಂದಬುದ್ಧಿಗಳೆಂದು ಸೂಚಿಸುವುದು ಎಂತಹ ವಿಮರ್ಶೆ?

ಹಡಗಲಿಯ ಮಲ್ಲಿಗೆಯನ್ನೇ ತೆಗೆದುಕೊಳ್ಳಿರಿ. ಗಿಡಕ್ಕೆ ನೀರನ್ನು ನಿಲ್ಲಿಸುವ ಕಾಲ, ಸವರುವ ಕಾಲ, ಮೊಗ್ಗು ಬಿರಿಯುವುದಕ್ಕೆ ಮುಂಚೆ ಬಿಡಿಸುವ ಗಳಿಗೆ, ಬಾಡದಂತೆ ದೂರದ ಪೇಟೆಗೆ ಮುಟ್ಟಿಸುವ ಉಪಾಯ: ಇವೆಲ್ಲ ತಲೆಮಾರುಗಳ ಪರೀಕ್ಷೆಯಿಂದ ನಿಶ್ಚಿತವಾಗತಕ್ಕವು. ಊರು ಹೂವಿನ ಹಡಗಲಿಯೆಂದೇ ಹೆಸರಾದುದು ವಿಜಯನಗರಕ್ಕೆ ಹೊಳೆಯ ಮೇಲೆ ಹೂ ಹೋಗುತ್ತಿದ್ದುದರಿಂದ ಎಂಬ ಪ್ರತೀತಿಯುಂಟು. ಮೈಸೂರು, ಉಡುಪಿಗಳ ಮಲ್ಲಿಗೆಗಳಂತೆ ಇದಕ್ಕೂ 1999ರ ಅಧಿನಿಯಮದ ಮೇರೆಗೆ ಭೌಗೋಳಿಕ ಸೂಚಕದ ಮನ್ನಣೆಯು ಬಂದಿದೆ. ಅದು ಸೀಮೆಗೆ ಸಂದ ಹಕ್ಕು, ಒಬ್ಬ ವ್ಯಕ್ತಿಗೆ ಸಂದುದಲ್ಲ. ಆದಕಾರಣ ಪೇಟೆಂಟುಗಳ ಲೆಕ್ಕದಲ್ಲಿ ಅದು ಸೇರುವುದೇ ಇಲ್ಲ.

ಅತಿವ್ಯಾಪ್ತಿಯ ಮಾತನ್ನು ವಿಸ್ತರಿಸಬೇಕಾದುದಿಲ್ಲ. ಪಡೆದು ಮೂಲೆಗಿಟ್ಟ ಪೇಟೆಂಟುಗಳು ದೂರದಿಂದ ಹೊಗೆಯಂತೆ ತೋರುವ ಬಾಷ್ಪ. ಪೇಟೆಂಟಾಗಲಾರದ ಆವಿಷ್ಕಾರಗಳೂ, ಆಗಬಹುದಾಗಿದ್ದೂ ಆಗದವೂ ಉಂಟೆಂದು, ಆದವುಗಳಲ್ಲಿಯೂ ಬೆಲೆಯ ತಾರತಮ್ಯವು ಬಹಳವೆಂದು ಗ್ರಿಲಿಚೆಸ್ ಪಂಡಿತರು 1990ರಲ್ಲಿಯೇ ಒಪ್ಪಿದ್ದಾರೆ.

'ಪ್ರಾಂತ' ಎಂಬ ಪದದ ಅರ್ಥವಾದರೂ ಸ್ಥಿರವೋ? ಹರಪನಹಳ್ಳಿಯು ಬಳ್ಳಾರಿಯಲ್ಲಿದ್ದು, 1997ರಲ್ಲಿ ದಾವಣಗೆರೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯೊಳಗಾಯಿತು. ಕೊಟ್ಟೂರು ಬಹುಕಾಲ ಕೂಡ್ಲಿಗಿ ತಾಲ್ಲೂಕಿನ ಭಾಗವಾಗಿತ್ತು. ಜಿಲ್ಲೆಯ ಹೆಸರಿನಲ್ಲಿ ಮೂವತ್ತು ವರ್ಷಗಳ ಪಟ್ಟಿಯನ್ನು ಮಾಡುವವನು ಜನರು ಕದಲದಿದ್ದರೂ ಅವರ ಪ್ರತಿಭೆಯು ಜಿಲ್ಲೆಯಿಂದ ಜಿಲ್ಲೆಗೆ ಹಾರಿತೆಂದು ಬರೆಯಬೇಕಾದೀತು. ಅಲ್ಲದೆ ಅರ್ಜಿಯಲ್ಲಿರುವುದು ಅರ್ಜಿದಾರನ ವಿಳಾಸ. ಹಡಗಲಿಯ ತರುಣನು ಬೆಂಗಳೂರಿನ ಕಾರ್ಖಾನೆಯಲ್ಲಿ ಕಂಡುಹಿಡಿದುದು ಬೆಂಗಳೂರಿಗೇ ಜಮೆಯಾಗುವುದು.

ಹಾಗಾದರೆ ಎಣಿಸಲೇಬಾರದೋ? ಎಣಿಸಲಿ, ಪಂಕ್ತಿಯನ್ನು ಮಾತ್ರ ಹಿಗ್ಗಿಸಲಿ. ರೈತರ ತಳಿಗಳನ್ನೂ ನೋಂದಾಯಿಸುವ ಅವಕಾಶವನ್ನು 2001ರ ಸಸ್ಯತಳಿ ಮತ್ತು ರೈತರ ಹಕ್ಕುಗಳ ಅಧಿನಿಯಮವು ಕಲ್ಪಿಸಿದೆ. ಆ ದಾಖಲೆಯನ್ನೂ ಭೌಗೋಳಿಕ ಸೂಚಕಗಳ ದಾಖಲೆಯನ್ನೂ ಪೇಟೆಂಟುಗಳ ಪಟ್ಟಿಯ ಪಕ್ಕದಲ್ಲಿಟ್ಟು, ತಾಲ್ಲೂಕು ತಾಲ್ಲೂಕಾಗಿ, ಅರ್ಜಿದಾರನ ವಿಳಾಸವನ್ನಲ್ಲದೆ ಬೆಳೆದವನ ಊರನ್ನೂ ಗುರುತಿಸಿ ಯಾರಾದರೂ ಬರೆದುಕೊಟ್ಟರೆ, ಮೇಲಿನ ಆಕ್ಷೇಪಗಳಲ್ಲಿ ಎಷ್ಟು ಉಳಿಯುವುವೆಂಬುದನ್ನು ಆಗ ಮರಳಿ ಪರೀಕ್ಷಿಸಲು ಸಿದ್ಧರಿದ್ದೇವೆ.