ಅಪತಂತ್ರಕವೂ ಡಿಸ್ಟೋನಿಯವೂ: ಒಂದು ಶಬ್ದವಿಮರ್ಶೆ

ಆಯುರ್ವೇದವನ್ನೋದಿದವರು ಡಿಸ್ಟೋನಿಯದ ವರ್ಣನೆಯನ್ನು ಕೇಳಿದೊಡನೆ, ಇದು ನಮ್ಮ ಅಪತಂತ್ರಕವೇ ಸರಿ ಎನ್ನುವುದುಂಟು. ಕತ್ತು ಒಂದು ಕಡೆಗೆ ತಿರುಚಿಕೊಳ್ಳುವುದು, ದವಡೆ ಸೆಟೆಯುವುದು, ಕಣ್ಣಾಲಿಗಳು ಮೇಲಕ್ಕೆ ನಿಲ್ಲುವುದು, ಬೆನ್ನು ಬಿಲ್ಲಿನಂತೆ ಬಾಗುವುದು, ಈ ರೂಪಸಾಮ್ಯವನ್ನು ಅಲ್ಲಗಳೆಯುವಂತಿಲ್ಲ. ಆದರೂ ಈ ಸಮೀಕರಣವು ಸಾಧುವಲ್ಲವೆಂದೂ ರೋಗಿಗೆ ಅಪಾಯಕರವೆಂದೂ ನಮ್ಮ ಅಭಿಪ್ರಾಯ.

ಮಾಧವನಿದಾನದಲ್ಲಿ ಅಪತಂತ್ರಕಕ್ಕೆ ಸಂಜ್ಞಾನಾಶವನ್ನೂ ಪಾರಿವಾಳದಂತೆ ಕೂಜಿಸುವುದನ್ನೂ ಲಕ್ಷಣಗಳಾಗಿ ಹೇಳಿದೆ. ಡಿಸ್ಟೋನಿಯದಲ್ಲಿಯಾದರೋ ಪ್ರಜ್ಞೆಯು ತಪ್ಪುವುದಿಲ್ಲ. ರೋಗಿಯು ತನ್ನ ಸಂಕಟವನ್ನೆಲ್ಲ ಅರಿತೇ ಅನುಭವಿಸುವನು. ಇದಕ್ಕಿಂತ ದೊಡ್ಡ ತೊಡಕೊಂದಿದೆ. ಅಪತಂತ್ರಕವನ್ನು ಹಿಸ್ಟೀರಿಯವೆಂದು ಭಾಷಾಂತರಿಸುವ ವಾಡಿಕೆಯು ಈಚಿನ ಗ್ರಂಥಗಳಲ್ಲಿ ಬೇರೂರಿದೆ. ಆ ಹೆಸರು ಬಿದ್ದಿತೆಂದರೆ, ಮೊದಲೇ ಮನೋರೋಗಿಯೆನಿಸಿಕೊಂಡವನ ನಿಜವಾದ ಸೆಟೆತವನ್ನು ನಟನೆಯೆಂದು ತಳ್ಳಿಹಾಕುವುದು ಸುಲಭವಾಗುವುದು.

ವಸ್ತುಸ್ಥಿತಿಯೇನೆಂದರೆ, ಮನೋರೋಗಕ್ಕೆ ಕೊಡುವ ಹ್ಯಾಲೊಪೆರಿಡಾಲ್ ಮೊದಲಾದ ಔಷಧಗಳು ಮಿದುಳಿನಲ್ಲಿ ಡೋಪಮೀನಿನ ಕಾರ್ಯವನ್ನು ತಡೆಯುವುದರಿಂದ ಈ ವಿಕಾರವು ಹುಟ್ಟುವುದು. ಔಷಧವನ್ನು ಆರಂಭಿಸಿದ ಅಥವಾ ಪ್ರಮಾಣವನ್ನೇರಿಸಿದ ಮೊದಲ 5 ದಿನಗಳೊಳಗೆ, ವಿಶೇಷವಾಗಿ ತರುಣರಲ್ಲಿ, ಬಹುಮಟ್ಟಿಗೆ ತೋರುವುದು. ಪ್ರೊಮೆಥಜೀನ್ ಸೂಜಿಮದ್ದಿನಿಂದ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುವುದು. ಮರುಕಳಿಸದಂತೆ ಟ್ರೈಹೆಕ್ಸಿಫೆನಿಡಿಲ್ ಗುಳಿಗೆಯನ್ನು ಕೆಲವು ದಿನ ಕೊಡುವರು. ಗಂಟಲಿನ ಸ್ನಾಯುಗಳು ಬಿಗಿದು ಉಸಿರು ಕಟ್ಟಿದರೆ ಪ್ರಾಣಕ್ಕೇ ಅಪಾಯ.

ಆಂಡರ್ಸನ್‌ಪೇಟೆಯಂತಹ ಊರಿನಲ್ಲಿ ಇದು ಬರಿಯ ಶಬ್ದಜಿಜ್ಞಾಸೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ಅಲ್ಲಿಗೆ ಸುಮಾರು 100 ಕಿಲೋಮೀಟರು. ಗುಳಿಗೆಯೊಡನೆ ಊರಿಗೆ ಮರಳಿದವನಿಗೆ ಸೆಟೆತವು ಬರುವುದು ವೈದ್ಯರೆದುರಿಗಲ್ಲ, ಮನೆಯಲ್ಲಿ. ತಮಿಳರು ವಲಿಪ್ಪು ಎಂದಾರು, ಕನ್ನಡಿಗರು ಮೂರ್ಛೆಯೆಂದಾರು. ಗಾಳಿ ಸೋಕಿತೆನ್ನುವವರೂ ಇಲ್ಲದಿಲ್ಲ. ಔಷಧದ ಚೀಟಿಯನ್ನು ಹಿಡಿದು ಹತ್ತಿರದ ಆಸ್ಪತ್ರೆಗೆ ಓಡಬೇಕೆಂಬ ಸೂಚನೆಯು ಈ ಹೆಸರುಗಳೊಂದರಲ್ಲಿಯೂ ಇಲ್ಲ.

ಜರ್ಮನಿಯ ವೈದ್ಯ ಓಪೆನ್‌ಹೈಮನು 1911ರಲ್ಲಿ ಬಳಕೆಗೆ ತಂದ ಡಿಸ್ಟೋನಿಯ ಶಬ್ದದ ‘ಡಿಸ್’ ನಮ್ಮ ‘ದುಸ್’. ಉತ್ತರಪದವು ತನ್ ಧಾತುವಿನಿಂದಾದ ‘ತಾನ’ಕ್ಕೆ ಜ್ಞಾತಿ. ಆದಕಾರಣ ‘ದುಸ್ತಾನ’ವೆಂಬುದು ವ್ಯುತ್ಪತ್ತಿದೃಷ್ಟಿಯಿಂದ ನಿರ್ದುಷ್ಟವಾಗಿದೆ, ಸಂಗೀತಗಾರರು ಮುನಿಯದಿರಲಿ! ಶಾಸ್ತ್ರಗ್ರಂಥಕ್ಕೆ ಇದು ಸಾಕು. ಮನೆಯವರಿಗೆ ‘ಮದ್ದಿನ ಸೆಟೆತ’ವೆನ್ನಬಹುದಾಗಿತ್ತು, ಆದರೆ ‘ಮದ್ದಿಡುವುದು’ ಎಂಬ ಮಾಟದ ಅರ್ಥವು ಜನರಲ್ಲಿರುವುದರಿಂದ ‘ಔಷಧದ ಸೆಟೆತ’ವೇ ಮೇಲು. ಹೀಗೆಂದರೆ ಹೆದರಿ ಔಷಧವನ್ನೇ ಬಿಟ್ಟಾರೆಂಬ ಆಕ್ಷೇಪವು ಲಘುವಲ್ಲ. ಅದಕ್ಕೆ ಪರಿಹಾರವು ಹೆಸರನ್ನು ಮರೆಮಾಚುವುದಲ್ಲ. ಗುಳಿಗೆ ಕೊಡುವಾಗಲೇ ಈ ಸಂಭವವನ್ನೂ ಅದರ ಉಪಶಮನವನ್ನೂ ವೈದ್ಯರು ತಿಳಿಸತಕ್ಕದ್ದು.

ತಿಂಗಳು ವರ್ಷಗಳ ಸೇವನೆಯ ಬಳಿಕ ತೋರಿ, ಸೂಜಿಮದ್ದಿಗೆ ಸುಲಭವಾಗಿ ಮಣಿಯದ ಪ್ರಭೇದವೂ ಉಂಟು. ಅದನ್ನು ‘ವಿಲಂಬಿತ ದುಸ್ತಾನ’ವೆಂದು ಬೇರೆಯಾಗಿಯೇ ಹೆಸರಿಸಬೇಕು.