ಒಂದು ಫೇವರ್ ಮಾಡ್ತೀರಾ ಮಿಸ್?

ಚಾಮರಾಜಪೇಟೆಯ ನಮ್ಮ ಶಾಲೆಯ ವರಾಂಡದಲ್ಲಿ ತಾಯಿಯೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. "ಒಂದು ಸಣ್ಣ ಫೇವರ್ ಮಾಡ್ತೀರಾ ಮಿಸ್?" ಮಗಳ ಇಂಗ್ಲಿಷ್ ಪತ್ರಿಕೆಗೆ ನಾಲ್ಕು ಅಂಕ ಸೇರಿಸಬೇಕಂತೆ. ಮಿಕ್ಕಿದ್ದನ್ನೆಲ್ಲ ಅಚ್ಚಕನ್ನಡದಲ್ಲಿ ಹೇಳಿದ ಆಕೆ ಆ ಒಂದು ಮಾತಿಗೆ ಮಾತ್ರ ಇಂಗ್ಲಿಷನ್ನು ಹಿಡಿದದ್ದೇಕೆ? ಕನ್ನಡದಲ್ಲಾದರೆ "ನನ್ನ ಮಗಳ ಪರವಾಗಿ ಪಕ್ಷಪಾತ ಮಾಡಿ" ಎನ್ನಬೇಕಿತ್ತು. ಹಾಗೆನ್ನಲು ಯಾರಿಗೆ ನಾಲಿಗೆ ಬಂದೀತು?

ಫೇವರ್ ಲ್ಯಾಟಿನ್ ಮೂಲದ ಶಬ್ದ. ಒಲವು ತೋರುವುದು ಎಂಬುದೇ ಅದರ ಮೊದಲ ಅರ್ಥ. ಬ್ಯಾಂಕಿನ ಡ್ರಾಫ್ಟು ಒಬ್ಬರ 'ಫೇವರ್'ನಲ್ಲಿ ಇದ್ದರೆ ಅದರಲ್ಲಿ ಉಪಕಾರವೇನೂ ಇಲ್ಲ, ಹಣ ಅವರ ಹೆಸರಿಗೆ ಸಲ್ಲಬೇಕು, ಅಷ್ಟೆ. ಮಗು ಅಪ್ಪನನ್ನು 'ಫೇವರ್' ಮಾಡುತ್ತದೆ ಎಂದರೆ ಅಪ್ಪನನ್ನೇ ಹೋಲುತ್ತದೆ ಎಂದು ಹಳೆಯ ಬಳಕೆ. ನೋಯುವ ಕಾಲನ್ನು 'ಫೇವರ್' ಮಾಡುವುದೆಂದರೆ ಅದರ ಮೇಲೆ ಭಾರ ಹಾಕದೆ ಜೋಪಾನ ಮಾಡುವುದು. ಫೇವರಬಲ್ ಎಂದರೆ ಅನುಕೂಲ. ಫೇವರಿಟ್ ಎಂದರೆ ಅಚ್ಚುಮೆಚ್ಚು. ಆ ಮೆಚ್ಚುಗೆ ನ್ಯಾಯದ ಗೆರೆ ದಾಟಿತೋ, ಫೇವರಿಟಿಸಂ. ನಮ್ಮ ಮಕ್ಕಳು ಈ ವ್ಯತ್ಯಾಸವನ್ನು ನಿಘಂಟು ನೋಡದೆಯೇ ಬಲ್ಲರು; ಹಿಂದಿನ ಬೆಂಚಿನವರಂತೂ ಇನ್ನೂ ಚೆನ್ನಾಗಿ ಬಲ್ಲರು!

ನನ್ನ ತಕರಾರು ಇಂಗ್ಲಿಷಿನ ಮೇಲಲ್ಲ. ತಪ್ಪಿಗೆ ಅದು ಬೇರೆ ಹೆಸರನ್ನೇ ಇಟ್ಟಿದೆ. ನಾವು ಆ ಹೆಸರನ್ನು ಬಿಟ್ಟು ಸಿಹಿಯಾದ ಶಬ್ದವನ್ನಷ್ಟೇ ಮನೆಗೆ ತಂದುಕೊಂಡೆವು. ಕನ್ನಡದಲ್ಲಿ ದೇವರದು ಅನುಗ್ರಹ, ನೆರೆಯವರದು ಉಪಕಾರ, ಮುಖ ನೋಡಿ ಮಣಿಯುವುದು ದಾಕ್ಷಿಣ್ಯ, ಬಾಗಿಲ ಹಿಂದೆ ನಡೆಯುವುದು ವಶೀಲಿ. ಇವೆಲ್ಲದರ ಬಾಲಕ್ಕೆ ಅಂಟಿಕೊಂಡು ಬರುವುದು ಹಂಗು. ಈ ಹಂಗಿನ ಭಾರವನ್ನು ಫೇವರ್ ಎಂಬ ಶಬ್ದ ಹೊರುವುದೇ ಇಲ್ಲ. ಆದ್ದರಿಂದಲೇ ಕೇಳುವುದು ಅಷ್ಟು ಸುಲಭ.

ಬಸವನಗುಡಿಯ ಕಡೆ ಇಂದಿಗೂ ಹೇಳುವ ಮಾತೊಂದಿದೆ. 1975ರಲ್ಲಿ ಡಿ.ವಿ.ಜಿ. ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ, ಸರ್ಕಾರ ಅವರಿಗೆ ಕೊಟ್ಟಿದ್ದ ಚೆಕ್ಕುಗಳು ನಗದಾಗದೆ ಹಾಗೆಯೇ ಇದ್ದುವಂತೆ. ಅವರ ಹೆಸರಿಗೆ ಬರೆದ ಹಣ. ಆದರೂ ಹಂಗು ಬೇಡವೆಂದರು. ನಮಗೆ ಅಷ್ಟು ಎತ್ತರ ಎಟುಕದು, ನಿಜ.

ನನಗೂ ಎಟುಕಲಿಲ್ಲ. ಮಗನ ಕಾಲೇಜು ಸೀಟಿಗಾಗಿ ಪರಿಚಿತರೊಬ್ಬರ ಮುಂದೆ ನಾನೂ "ಒಂದು ಫೇವರ್" ಎಂದೆ. ಕೆಲಸವಾಯಿತು. ಆಮೇಲೆ ಅವರು ಶಿಫಾರಸು ಹಿಡಿದು ಬಂದಾಗಲೆಲ್ಲ 'ಇಲ್ಲ' ಎಂಬ ಎರಡಕ್ಷರ ನನ್ನ ಗಂಟಲಲ್ಲೇ ಉಳಿಯಿತು. ನನ್ನ ಮಗನಿಗೆ ಸಿಕ್ಕ ಸೀಟು ಯಾವ ಮಗುವಿನದಾಗಬೇಕಿತ್ತೋ ಎಂಬ ಯೋಚನೆ ಇಂದಿಗೂ ಬಿಟ್ಟಿಲ್ಲ.

ಹಾಗಾಗಿ ಆ ತಾಯಿಯ ಮೇಲೆ ರೇಗಲು ನನಗೆ ಬಾಯಿಲ್ಲದಾಯಿತು. "ಅಂಕ ಸೇರಿಸಲಾರೆ ತಾಯಿ. ಸಂಜೆ ಅರ್ಧ ಗಂಟೆ ನಿಲ್ಲಿಸಿಕೊಂಡು ಪಾಠ ಹೇಳಿಕೊಡ್ತೀನಿ, ಕಳಿಸಿ" ಎಂದೆ. ಆಕೆಯ ಮುಖ ಸಣ್ಣಗಾಯಿತು. ಆದರೂ ಮರುದಿನ ಮಗಳು ಪುಸ್ತಕ ಹಿಡಿದು ಬಂದಳು. ಅದನ್ನು ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ, ನಮ್ಮಲ್ಲಿ ಅದಕ್ಕೆ ಮೇಷ್ಟರ ಕೆಲಸ ಎನ್ನುತ್ತಾರೆ.