ತಮಟೆಗೊಂದು ಹೆಸರು ಬೇಡವೇ?

ಒಂದು ಲ್ಯಾಪ್‌ಟಾಪ್, ಒಂದು ಮೈಕ್, ಒಂದು ಹೆಡ್‌ಫೋನ್, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಚಿಕ್ಕ ಪೆಟ್ಟಿಗೆ. ಇಷ್ಟಿದ್ದರೆ ಮನೆಯ ಕೋಣೆಯೇ ಸ್ಟುಡಿಯೋ. ಹಾಡು ಮುದ್ರಿಸಲು ಬೇತಮಂಗಲದ ಯುವಕರು ಇಂದು ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಲೇಬೇಕೆಂದಿಲ್ಲ. ‘ಕೆಜಿಎಫ್’ ಚಿತ್ರಗಳಿಗೆ ಸಂಗೀತ ನೀಡಿದ ರವಿ ಬಸ್ರೂರು ಉಡುಪಿ ಜಿಲ್ಲೆಯ ತಮ್ಮ ಊರಿನಲ್ಲೇ ಸ್ಟುಡಿಯೋ ಕಟ್ಟಿಕೊಂಡು ಇದು ಸಾಧ್ಯವೆಂದು ತೋರಿಸಿದ್ದಾರೆ. ಕನ್ನಡ, ತೆಲುಗು, ತಮಿಳು, ಉರ್ದು ಒಟ್ಟಿಗೆ ಬಾಳುವ ಈ ಗಡಿಸೀಮೆಗೆ ಇದೊಂದು ಬಿಡುಗಡೆ. ನಾವು ಅದನ್ನು ಸ್ವಾಗತಿಸುತ್ತೇವೆ. ಆದರೆ ಸ್ಟುಡಿಯೋ ಮನೆಗೆ ಬಂದಂತೆ ಊರಿನ ದನಿಯೂ ಅದರೊಳಗೆ ಬಂದಿದೆಯೇ?

ಕೋಲಾರ ಸೀಮೆಯ ದನಿಯೆಂದರೆ ನಮಗೆ ಮೊದಲು ನೆನಪಾಗುವುದು ತಮಟೆ. ಬೆಂಕಿಗೆ ಹಿಡಿದರೆ ಚರ್ಮದ ತೇವ ಆರಿ ಬಿಗಿಯಾಗುತ್ತದೆ, ನಾದ ಏರುತ್ತದೆ. ಬಾರಿಸುತ್ತ ಹೋದಂತೆ ಮತ್ತೆ ಇಳಿಯುತ್ತದೆ. ಮನೆಯಲ್ಲಿ ಮುದ್ರಿಸಿದ ಹಾಡುಗಳಲ್ಲಿ ನಾವು ಹೆಚ್ಚಾಗಿ ಕೇಳುವುದು ಈ ತಮಟೆಯನ್ನಲ್ಲ, ಕಂಪ್ಯೂಟರಿನ ಲೂಪ್ ಅನ್ನು. ಎಲ್ಲೋ ಯಾರೋ ಬಾರಿಸಿದ ಒಂದು ತುಣುಕು ಹಾಡಿನ ಕೊನೆಯವರೆಗೂ ಮರುಕಳಿಸುತ್ತದೆ. ಅದು ಬಿಸಿಯಾಗುವುದಿಲ್ಲ, ತಣಿಯುವುದಿಲ್ಲ, ಹಾಡುಗಾರನ ಉಸಿರಿಗೆ ಕಿವಿಗೊಡುವುದೂ ಇಲ್ಲ.

ತಮಟೆಯನ್ನು ಮನೆಯಲ್ಲಿ ಮುದ್ರಿಸಿದರೆ ದನಿ ಒಡೆಯುತ್ತದೆ ಎಂಬ ಸಮಜಾಯಿಷಿ ಇದೆ. ಅದರಲ್ಲಿ ನಿಜವೂ ಇದೆ. ಡಿಜಿಟಲ್ ಮುದ್ರಣದಲ್ಲಿ ಪೆಟ್ಟಿನ ಸದ್ದು ಸೊನ್ನೆ ಡೆಸಿಬಲ್ ದಾಟಿದರೆ ಅದರ ತುದಿ ಕತ್ತರಿಸಿಹೋಗುತ್ತದೆ. ಆಮೇಲೆ ಮಿಕ್ಸಿಂಗ್‌ನಲ್ಲಿ ಸರಿಪಡಿಸುವುದು ಕಷ್ಟ. ಆದರೆ ಪರಿಹಾರ ದುಬಾರಿಯದೇನಲ್ಲ. ಅಂಗಳಕ್ಕೆ ಬಂದು ಮೈಕನ್ನು ನಾಲ್ಕಾರು ಅಡಿ ದೂರವಿಡಬಹುದು. 24 ಬಿಟ್‌ನಲ್ಲಿ ಮುದ್ರಿಸುತ್ತ, ಅತಿ ಜೋರಿನ ಪೆಟ್ಟೂ ಮೈನಸ್ 10 ಡೆಸಿಬಲ್ ಆಸುಪಾಸಿನಲ್ಲೇ ನಿಲ್ಲುವಂತೆ ಗೇನ್ ತಗ್ಗಿಸಬಹುದು. ಕೊನೆಗೆ ಎಲ್ಲವನ್ನೂ ಕಂಪ್ರೆಸರ್‌ನಲ್ಲಿ ಹಿಂಡಿ ಜೋರು ಮಾಡುವ ಚಟವನ್ನೂ ಬಿಡಬಹುದು. ಅತಿ ಜೋರಿನ ಹಾಡನ್ನು ಯೂಟ್ಯೂಬ್ ಹೇಗೂ ತಾನೇ ತಗ್ಗಿಸುತ್ತದೆ.

ಹಾಗಾದರೆ ಕೊರತೆ ಇರುವುದು ತಂತ್ರದಲ್ಲಲ್ಲ. ತಮಟೆಯ ಸದ್ದು ಬೇಕು, ಬಾರಿಸುವವನು ಬೇಡ ಎಂದ ಸಮಾಜ ನಮ್ಮದು. ಹಬ್ಬಕ್ಕೂ ಸಾವಿಗೂ ಅವನನ್ನು ಕರೆದು, ಹೊಸ್ತಿಲ ಹೊರಗೇ ನಿಲ್ಲಿಸಿದ್ದೇವೆ. 2007ರವರೆಗೆ ಕೋಲಾರಕ್ಕೇ ಸೇರಿದ್ದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಹೆಮ್ಮೆಪಟ್ಟೆವು. ಅದೇ ವಾದ್ಯದ ಕಲಾವಿದನನ್ನು ನಮ್ಮ ಕೋಣೆಯೊಳಗೆ ಕೂರಿಸಿ, ಸಂಭಾವನೆ ಕೊಟ್ಟು, ಹೆಸರು ಬರೆಯಲು ಮಾತ್ರ ಏಕೆ ಹಿಂಜರಿಕೆ? ಲೂಪ್‌ಗಾದರೆ ಲೋಟದಲ್ಲಿ ಚಹಾ ಕೊಡಬೇಕಿಲ್ಲ.

1902ರಲ್ಲಿ ಗ್ರಾಮಫೋನ್ ಕಂಪನಿಯವರು ಕಲ್ಕತ್ತದ ಹೋಟೆಲ್ ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿದರು. ಹಾಡು ಮುಗಿದೊಡನೆ ಆಕೆ ತನ್ನ ಹೆಸರನ್ನು ತಾನೇ ಹೇಳುತ್ತಿದ್ದರು. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲಿಯೇ ತೀರಿಕೊಂಡ ಆ ಕಲಾವಿದೆಯ ಹೆಸರು ಇಂದಿಗೂ ಆ ಮುದ್ರಿಕೆಗಳಲ್ಲಿ ಕೇಳುತ್ತದೆ.

ಬೇತಮಂಗಲದ ಕೆರೆ ಚಿನ್ನದ ಗಣಿಗಳಿಗೆ ನೀರು ಕೊಟ್ಟಿತು. 2001ರಲ್ಲಿ ಗಣಿ ಮುಚ್ಚಿತು. ಆಳದಲ್ಲಿ ದುಡಿದವರ ಹೆಸರು ಯಾವ ಚಿನ್ನದ ಮೇಲೂ ಉಳಿಯಲಿಲ್ಲ. ನಮ್ಮ ಮನೆಯ ಸ್ಟುಡಿಯೋಗಳಲ್ಲೂ ಹಾಗೆಯೇ ಆಗಬೇಕೇ?